ನೀಲಿ ಡ್ರಮ್ಮಿನ ವರ್ಷ

ಹೋದ ತಿಂಗಳು ನಮ್ಮವರ ಕಣ್ಣು ತೋರಿಸಲು ಇದೇ ಮದ್ರಾಸಿನ ಕ್ರೋಂಪೇಟೆಗೆ ಹೋಗಿದ್ದೆವು. ಆ ಜಾಗ ಬಿಟ್ಟು ಅಂಬತ್ತೂರಿಗೆ ಬಂದು ಮೂರು ವರ್ಷವಾದರೂ ಕಣ್ಣಿನ ಡಾಕ್ಟರನ್ನು ಮಾತ್ರ ಬದಲಾಯಿಸಿಲ್ಲ. ಲೋಕಲ್ ರೈಲು ಇಳಿಯುವ ಹೊತ್ತಿಗೆ ಒಂದು ಮಳೆ ಬಿದ್ದು ನಿಂತಿತ್ತು. ಮಳೆ ನಿಂತ ಮೇಲೆ ಅಲ್ಲಿನ ಮೋರಿಗಳಿಂದ ಒಂದು ವಾಸನೆ ಏಳುತ್ತದೆ. ಚರ್ಮ ಹದ ಮಾಡುವ ಹಳೆಯ ಕಾರ್ಖಾನೆಗಳ ವಾಸನೆ. ಸುಣ್ಣ, ಉಪ್ಪು, ಹಸಿ ತೊಗಲು ಎಲ್ಲ ಸೇರಿ ನೆನೆದದ್ದು. ಅಂಬತ್ತೂರಿನಲ್ಲಿ ಬರೀ ಎಣ್ಣೆ, ಕಬ್ಬಿಣದ ವಾಸನೆ. ಅದು ಮೂಗಿನ ತನಕ ಬಂದು ಹೋಗುತ್ತದೆ. ಇದು ಹೊಟ್ಟೆಗೇ ಇಳಿಯುತ್ತದೆ. ಮೂಗಿಗೆ ಸೆರಗು ಒತ್ತಿಕೊಂಡು ಮೇಲ್ಸೇತುವೆಯ ಮೆಟ್ಟಿಲಿಳಿದೆ. ಕೊನೆಯ ಮೆಟ್ಟಿಲ ಪಕ್ಕದಲ್ಲಿ ಈಗ ಒಂದು ಕಬ್ಬಿನ ಹಾಲಿನ ಗಾಡಿ ನಿಂತಿದೆ. ಅದೇ ಜಾಗದಲ್ಲಿ ಹಿಂದೊಂದು ವರ್ಷ ಯೋಗರಾಣಿ ಎಂಬ ಹೆಂಗಸು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮುಂದೆ ಒಂದು ನೀಲಿ ಡ್ರಮ್ಮು ಇಟ್ಟುಕೊಂಡು, ಹೋಗಿಬರುವವರ ದೇವರುಗಳನ್ನು ಕಿತ್ತು ಹಾಕಿಸಿಕೊಳ್ಳುತ್ತಿದ್ದಳು.

"ನೆನಪಾಯ್ತಾ?" ಎಂದರು ನಮ್ಮವರು.

"ಮರೆತಿದ್ದರಲ್ಲವಾ ನೆನಪಾಗೋಕೆ," ಎಂದೆ.

ಆಗ ನಾವಿದ್ದದ್ದು ಸ್ಟೇಷನ್ನಿನಿಂದ ಹತ್ತು ನಿಮಿಷ ದೂರದ ಒಂದು ಬೀದಿಯಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ. ನಮ್ಮವರು ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು ಹತ್ತಿ ಪೆರುಂಗುಡಿಗೆ ಹೋದರೆ ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಬರುತ್ತಿದ್ದರು. ಮಗಳು ಚಂದನಾ ಕ್ರೋಂಪೇಟೆಯಲ್ಲೇ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಳು. ನಾವು ಗುಬ್ಬಿ ಕಡೆಯ ಲಿಂಗಾಯತರು. ಆ ಬೀದಿಯಲ್ಲಿ ಲಿಂಗಾಯತರೆಂದರೆ ಏನೆಂದು ಒಬ್ಬರಿಗೂ ಗೊತ್ತಿರಲಿಲ್ಲ. ನಾನು ವಿಭೂತಿ ಇಡುತ್ತೇನೆ, ಮೊಟ್ಟೆ ಮುಟ್ಟುವುದಿಲ್ಲ ಎಂದು ತಿಳಿದದ್ದೇ ಎಲ್ಲರೂ 'ಮಾಮಿ' ಎಂದು ಕರೆಯತೊಡಗಿದರು. ನಾವು ಬ್ರಾಹ್ಮಣರಲ್ಲ ಎಂದು ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಹೇಳಲು ಬೇಸರವಾಗಿ ಮಾಮಿಯಾಗಿಯೇ ಉಳಿದೆ. ನೀರು ಬೆಳಿಗ್ಗೆ ಆರರಿಂದ ಆರೂ ನಲವತ್ತರ ತನಕ ತಪ್ಪದೆ ಬರುತ್ತಿತ್ತು, ಮಲ್ಲಿಗೆ ಮಾರುವವಳು ಬಾಗಿಲಿಗೇ ಬರುತ್ತಿದ್ದಳು, ಮನೆ ಮಾಲೀಕರು ಕೆಳಗಿನ ಮನೆಯಲ್ಲಿರಲಿಲ್ಲ. ದೇವರು ನನ್ನ ಕಡೆ ಇಷ್ಟಾದರೂ ನೋಡಿದ್ದಾನಲ್ಲ ಎಂದುಕೊಂಡು ನಾನು ನನ್ನ ಪಾಡಿಗೆ ಇದ್ದೆ.

ಗೊತ್ತಿಲ್ಲದವರಿಗಾಗಿ ಒಂದು ಮಾತು ಹೇಳಿಬಿಡಬೇಕು. ನಮ್ಮ ದೇವರು ಗುಡಿಯಲ್ಲಿ ಕೂರುವುದಿಲ್ಲ, ಮೈಮೇಲೆ ಇರುತ್ತದೆ. ಮಗು ಹುಟ್ಟಿದ ಸ್ವಲ್ಪ ದಿನಕ್ಕೆ ಗುರುಗಳು ಲಿಂಗ ಕಟ್ಟುತ್ತಾರೆ. ಕಪ್ಪು ಕಂತಿಯ ಲೇಪ ಹಚ್ಚಿದ್ದು, ನೇರಳೆ ಹಣ್ಣಿಗಿಂತ ಕೊಂಚ ದೊಡ್ಡದು. ಅದನ್ನು ಬೆಳ್ಳಿಯ ಕರಡಿಗೆಯೊಳಗಿಟ್ಟು ಶಿವದಾರದಲ್ಲಿ ಕೊರಳಿಗೆ ಹಾಕಿಕೊಳ್ಳುತ್ತೇವೆ. ಒಬ್ಬರ ಲಿಂಗ ಒಬ್ಬರಿಗೇ. ಊರಿಗೆಲ್ಲ ಒಂದು ಎಂದು ಇಟ್ಟು ಪೂಜೆ ಮಾಡುವ ವಸ್ತು ಅದಲ್ಲ. ಚಂದನಾಳ ಕರಡಿಗೆಯನ್ನು ನನ್ನ ತಾಯಿ ತಮ್ಮ ಬೆಳ್ಳಿ ಕಾಲುಸರ ಕರಗಿಸಿ ಮಾಡಿಸಿಕೊಟ್ಟಿದ್ದರು.

ಯೋಗರಾಣಿ ನಮ್ಮ ಬೀದಿಗೆ ಬಂದದ್ದು ಆಡಿ ತಿಂಗಳಲ್ಲಿ. ಆಡಿ ಎಂದರೆ ಅಲ್ಲಿ ಅಮ್ಮನವರಿಗೆ ಗಂಜಿ ಕಾಯಿಸಿ ಹಂಚುವ ತಿಂಗಳು, ಬೆಳಗಿನ ಜಾವ ನಾಲ್ಕೂವರೆಯಿಂದ ಕಂಬಕ್ಕೆ ಕಟ್ಟಿದ ಸ್ಪೀಕರು ಅರಚುವ ತಿಂಗಳು. ಒಂದು ದಿನ ಸ್ಪೀಕರಿನಿಂದ ಶಬ್ದ ಬರುವ ಬದಲು ಯಾರೋ ಕಂಬಳಿ ಹೊದ್ದು ಕೆಮ್ಮಿದ ಹಾಗೆ ಕೇಳಿಸಿತು. ಬಾಲ್ಕನಿಗೆ ಬಂದು ನೋಡಿದರೆ, ನಲವತ್ತು ದಾಟಿದ ಒಂದು ಸಣಕಲು ಹೆಂಗಸು ಏಣಿ ಹತ್ತಿ, ತನ್ನ ಹಾಸಿಗೆಯನ್ನು ಸ್ಪೀಕರಿನ ಬಾಯಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದಾಳೆ. ಕೆಳಗೆ ಪಿಳ್ಳೈಯಾರ್, ಅಂದರೆ ಗಣೇಶನ, ಗುಡಿಯ ಕಮಿಟಿ ಕಾರ್ಯದರ್ಶಿ ದಾಮೋದರನ್ ಪಂಚೆ ಎತ್ತಿ ಕಟ್ಟಿಕೊಂಡು ಕೂಗಾಡುತ್ತಿದ್ದಾರೆ. ಬ್ಯಾಂಕಿನಲ್ಲಿ ರಿಟೈರ್ ಆದ ಮೇಲೆ ಅವರಿಗೆ ದೇವರ ಮೇಲೆ ಅಧಿಕಾರ ಸಿಕ್ಕಿತ್ತು.

ನಿಜ ಹೇಳಬೇಕೆಂದರೆ, ಆ ದಿನ ನಿದ್ದೆಯಾದದ್ದಕ್ಕೆ ನನಗೆ ಸಂತೋಷವೇ ಆಯಿತು. ಆದರೆ ಅವಳು ಅಷ್ಟಕ್ಕೆ ನಿಲ್ಲುವ ಪೈಕಿ ಅಲ್ಲ. ಶುಕ್ರವಾರ ಮಸೀದಿಯ ಮುಂದೆ, ಭಾನುವಾರ ಚರ್ಚಿನ ಮುಂದೆ, ಮಂಗಳವಾರ ನಮ್ಮ ಗುಡಿಯ ಮುಂದೆ ನಿಂತು ಒಂದು ರಟ್ಟು ಹಿಡಿಯುತ್ತಿದ್ದಳು: 'ಒಳಗೆ ಯಾರಾದರೂ ಇದ್ದೀರಾ?' ಮಿಕ್ಕ ದಿನ ಎಲ್ಲ ದೇವರಿಗೂ ರಜೆ. ಎಲ್ಲರಿಗೂ ಸಮನಾಗಿ ಬೈಯುತ್ತೇನೆಂದು ಅದನ್ನೇ ಒಂದು ದೊಡ್ಡ ನ್ಯಾಯವೆಂದುಕೊಂಡಿದ್ದಳು.

ಅವಳ ಕಥೆಯನ್ನು ಅವಳೇ ಎಲ್ಲರಿಗೂ ಹೇಳುತ್ತಿದ್ದಳು, ಟೀ ಅಂಗಡಿಯಲ್ಲಿ, ರೇಷನ್ ಕ್ಯೂನಲ್ಲಿ. ಶ್ರೀಲಂಕಾದ ಕಡೆಯವಳು. ಅಲ್ಲಿ ಯುದ್ಧ ನಡೆಯುವಾಗ ಇವಳಿಗೆ ಹನ್ನೊಂದು ವರ್ಷ. ಶೆಲ್ಲು ಬೀಳುತ್ತಿದ್ದಾಗ ಮನೆಯವರೆಲ್ಲ ಮೊದಲು ಗುಡಿಗೆ ಓಡಿದರಂತೆ. ಗುಡಿಯ ಗೋಡೆ ಬಿದ್ದ ಮೇಲೆ ಪಕ್ಕದ ಚರ್ಚಿಗೆ ಓಡಿದರಂತೆ. ಅದರ ಛಾವಣಿಯೂ ಬಿತ್ತು. ಅಪ್ಪ, ತಮ್ಮ ಇಬ್ಬರೂ ಅಲ್ಲೇ ಉಳಿದರು. ತಾಯಿಯ ಜೊತೆ ದೋಣಿಯಲ್ಲಿ ಈ ಕಡೆ ಬಂದು ನಿರಾಶ್ರಿತರ ಕ್ಯಾಂಪಿನಲ್ಲಿ ಬೆಳೆದಳು. ಓದಿದಳು, ಹೊಲಿಗೆ ಕಲಿತಳು. ಈಗ ಕ್ರೋಂಪೇಟೆಯಲ್ಲಿ ಚರ್ಮದ ಚೀಲ ಹೊಲಿಯುವ ಕೆಲಸ. ತಿಂಗಳಿಗೊಮ್ಮೆ ಪೊಲೀಸ್ ಸ್ಟೇಷನ್ನಿಗೆ ಹೋಗಿ, ತಾನಿನ್ನೂ ಇಲ್ಲೇ ಇದ್ದೇನೆಂದು ಸಹಿ ಹಾಕಿ ಬರಬೇಕು.

"ಎರಡು ಸೂರಿನ ಕೆಳಗೆ ನಿಂತು ನೋಡಿದ್ದೇನೆ ಮಾಮಿ, ಎರಡೂ ಬಿದ್ದವು," ಎಂದಳು ಒಮ್ಮೆ ನನಗೆ, ಹಾಲಿನ ಬೂತಿನ ಹತ್ತಿರ.

"ಬೀಳಿಸಿದವರನ್ನು ಕೇಳಬೇಕಿತ್ತು," ಎಂದೆ.

"ಓಂ, ಅದನ್ನೇ ಕೇಳುತ್ತಾ ಇರೋದು." ಅವರ ಕಡೆಯ ತಮಿಳಿನಲ್ಲಿ ಹೌದು ಅನ್ನುವುದಕ್ಕೆ ಓಂ ಅನ್ನುತ್ತಾರೆ. ದೇವರಿಲ್ಲ ಎನ್ನುವವಳು ಮಾತಿಗೆ ನಾಲ್ಕು ಸಲ ಓಂ ಅನ್ನುವುದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಅವಳ ಸಂಕಟ ಸುಳ್ಳೆಂದು ನಾನು ಹೇಳುವುದಿಲ್ಲ. ಹನ್ನೊಂದು ವರ್ಷದ ಮಗು ಅದನ್ನೆಲ್ಲ ನೋಡಬಾರದಿತ್ತು. ಆದರೆ ಶೆಲ್ಲು ಎಸೆದವನಿಗೆ ಕೈಕಾಲಿತ್ತು, ಹೆಸರಿತ್ತು, ಮೇಲೊಬ್ಬ ಅಧಿಕಾರಿಯಿದ್ದ. ಅವನನ್ನು ಬಿಟ್ಟು, ತಿರುಗಿ ಮಾತಾಡದ ದೇವರ ಕುತ್ತಿಗೆಪಟ್ಟಿ ಹಿಡಿದುಕೊಂಡಿದ್ದಳು. ಅದರಲ್ಲಿ ಎಷ್ಟು ಧೈರ್ಯವಿದೆ? ಬೀದಿ ದೀಪಕ್ಕೆ ಕಲ್ಲು ಹೊಡೆದು ಕತ್ತಲೆಯನ್ನು ಗೆದ್ದೆ ಅಂದ ಹಾಗಿತ್ತು.

ಆಮೇಲೆ ಬಂತು ಡ್ರಮ್ಮು. ಮದ್ರಾಸಿನಲ್ಲಿ ನೀರು ಹಿಡಿದಿಡಲು ಎಲ್ಲರ ಮನೆಯಲ್ಲೂ ಇರುತ್ತದಲ್ಲ, ಆ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಬಿಗಿ ಮುಚ್ಚಳದ್ದು. ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದಳು: 'ಒಂದು ವರ್ಷ ಬಿಟ್ಟು ನೋಡು'. ನಿಮ್ಮ ಮೈಮೇಲಿನ ದೇವರ ಗುರುತನ್ನು ಇದರಲ್ಲಿ ಹಾಕಿ, ನಂಬರು ಬರೆದ ಚೀಟಿ ತೆಗೆದುಕೊಳ್ಳಿ. ವರ್ಷವಾದ ಮೇಲೆ ಬೇಕೆನ್ನಿಸಿದರೆ ಚೀಟಿ ತಂದು ಬಿಡಿಸಿಕೊಳ್ಳಿ, ಬೇಡವೆನ್ನಿಸಿದರೆ ಬರಬೇಡಿ. ಇದು ಅವಳ ಹೋರಾಟ. ಏನು ಬಂತು, ಯಾರದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಕ್ಯಾಂಪಿನಲ್ಲಿ ಬೆಳೆದವರಿಗೆ ಪಟ್ಟಿ, ಚೀಟಿ, ಸಹಿ ಇಲ್ಲದೆ ಅನ್ನವೂ ಇಳಿಯುವುದಿಲ್ಲವೇನೋ. ಕಾಲೇಜು ಹುಡುಗ ಹುಡುಗಿಯರಿಗೆ ಇದು ಭಾರಿ ಮೋಜು. ಒಬ್ಬ ಜನಿವಾರ ತೆಗೆದು ಹಾಕಿದ, ಒಬ್ಬಳು ಶಿಲುಬೆಯ ಸರ, ಇನ್ನೊಬ್ಬ ದರ್ಗಾದ ತಾಯತ. ಹಾಕುವಾಗ ಸೆಲ್ಫಿ. ಜನಿವಾರದ ಹುಡುಗ ವಾರದೊಳಗೆ ಮನೆಯವರಿಗೆ ಗೊತ್ತಾಗದಂತೆ ಅಂಗಡಿಯಿಂದ ಬೇರೆ ಕೊಂಡು ಹಾಕಿಕೊಂಡನಂತೆ. ಇವರ ಕ್ರಾಂತಿಯೆಲ್ಲ ಅಷ್ಟರದ್ದು.

ನನ್ನ ಮಗಳ ಕೊರಳು ಬರಿದಾಗಿದೆ ಎಂದು ನನಗೆ ತಿಳಿದದ್ದು ಅವಳು ಪರೀಕ್ಷೆಗೆ ಹೊರಟ ಬೆಳಿಗ್ಗೆ. ಹಣೆಗೆ ವಿಭೂತಿ ಇಡಲು ಹೋದಾಗ ಕೊರಳಲ್ಲಿ ಶಿವದಾರ ಕಾಣಲಿಲ್ಲ.

"ಕರಡಿಗೆ ಎಲ್ಲೇ?"

"ಸೇಫಾ ಇರುಕ್ಕು ಮಾ." ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಅವಳದು ತಮಿಳು ಬೆರೆಸಿಯೇ ಉತ್ತರ.

"ಎಲ್ಲಿ ಅಂದೆ."

ಪರ್ಸಿನಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಹಿಡಿದಳು. ನಂಬರ್ ಹದಿನೇಳು. ಬೆಳ್ಳಿ ಡಬ್ಬಿ, ಒಳಗೆ ಕಪ್ಪು ಕಲ್ಲು, ದಾರ ಸಹಿತ.

"ಒನ್ ಇಯರ್ ಮಾತ್ರ ಮಾ. ನಾನೇನೂ ಎಸೆದಿಲ್ಲ. ಇಲ್ಲದೆ ಇರೋಕಾಗುತ್ತಾ ಅಂತ ನೋಡ್ತಾ ಇದೀನಿ ಅಷ್ಟೆ."

"ಉಸಿರಿಲ್ಲದೆ ಇರೋಕಾಗುತ್ತಾ ಅಂತಲೂ ನೋಡ್ತೀಯೇನೇ?"

"ಅಮ್ಮಾ, ನಂಗೆ ಎಕ್ಸಾಮ್ ಇದೆ."

ಅವಳು ಹೋದಳು. ಗುಬ್ಬಿಯಲ್ಲಾಗಿದ್ದರೆ ಲಿಂಗ ಕಳೆದುಕೊಂಡವರ ಮನೆಯಲ್ಲಿ ಸೂತಕದ ಹಾಗೆ ಜನ ಸೇರುತ್ತಿದ್ದರು. ಇಲ್ಲಿ ನನ್ನ ಜೊತೆ ಅಳಲು ಕೂಡ ಯಾರಿಗೂ ವಿಷಯ ಅರ್ಥವಾಗುತ್ತಿರಲಿಲ್ಲ. ಪಕ್ಕದ ಮನೆಯವಳು ವಿಷಯ ಕೇಳಿ, "ಪೋನಾ ಪೋವುದು ಮಾಮಿ, ಬೇರೆ ಸಾಮಿ ವಾಂಗಿಕ್ಕಲಾಂ," ಎಂದಳು. ಹೋದರೆ ಹೋಗಲಿ, ಬೇರೆ ದೇವರನ್ನು ಕೊಂಡರಾಯಿತು ಅಂತ.

ಅಂದು ಮಧ್ಯಾಹ್ನವೇ ಸ್ಟೇಷನ್ನಿನ ಮೆಟ್ಟಿಲಿಗೆ ಹೋದೆ. ಯೋಗರಾಣಿ ಚೀಲಕ್ಕೆ ಜಿಪ್ಪು ಹೊಲಿಯುತ್ತಾ ಕೂತಿದ್ದಳು. ಹದಿನೇಳನೆಯ ನಂಬರಿನದ್ದು ಕೊಡು ಎಂದೆ.

"ಚೀಟಿ?"

"ಮಗಳ ಹತ್ತಿರ ಇದೆ. ನಾನು ಅವಳ ತಾಯಿ."

"ಅದು ಏನು ಅಂತ ನಿಮ್ಮ ಮಗಳು ನನಗೆ ಬಿಡಿಸಿ ಹೇಳಿದ್ದಾಳೆ. ಒಬ್ಬರದು ಒಬ್ಬರಿಗೇ ಅಂತೆ. ತಾಯಿಯಾದರೂ ಕೈ ಹಾಕೋ ಹಾಗಿಲ್ಲವಂತೆ. ಸರಿ ತಾನೆ?"

ನಾನು ಡ್ರಮ್ಮಿನ ಮುಚ್ಚಳದ ಮೇಲೆ ಕೈಯಿಟ್ಟೆ.

"ನಿಮ್ಮ ರೂಲು ಮಾಮಿ, ನಂದಲ್ಲ," ಎಂದಳು ದಾರ ಕಚ್ಚಿ ಕತ್ತರಿಸುತ್ತಾ. "ಅವಳು ಬಂದರೆ ಈಗಲೇ ಕೊಡ್ತೀನಿ. ಬರ್ತಾಳಾ ಕೇಳಿ."

ನನ್ನದೇ ಧರ್ಮವನ್ನು ನನ್ನ ಮುಖಕ್ಕೆ ಹಿಡಿದಳು. ಆ ಮುಖದಲ್ಲಿ ಗೆದ್ದ ನಗೆ. ಕಪಾಳಕ್ಕೆ ಎರಡು ಬಿಡಬೇಕೆನ್ನಿಸಿತು, ಈಗಲೂ ಅನ್ನಿಸುತ್ತದೆ. "ನಿನಗೆ ಒಳ್ಳೇದಾಗಲ್ಲ," ಎಂದಷ್ಟೇ ಹೇಳಿದೆ. "ಓಂ, ಇದುವರೆಗೂ ಆಗಿಲ್ಲ," ಎಂದಳು ಸೂಜಿಗೆ ದಾರ ಪೋಣಿಸುತ್ತಾ. ಡ್ರಮ್ಮಿನ ಮುಚ್ಚಳ ಬಿಗಿಯಾಗಿತ್ತು, ಇಲಿ ಹೋಗುವುದಿಲ್ಲ, ಮಳೆ ನೀರು ಇಳಿಯುವುದಿಲ್ಲ. ಅಷ್ಟನ್ನೇ ನೋಡಿಕೊಂಡು ಮನೆಗೆ ಬಂದೆ.

ಚಂದನಾ ಬಿಡಿಸಿಕೊಂಡು ಬರಲು ಒಪ್ಪಲಿಲ್ಲ. ನಾನು ಬೈದೆ, ಅತ್ತೆ, ಎರಡು ದಿನ ಮಾತು ಬಿಟ್ಟೆ. ನಮ್ಮವರು ಪೇಪರು ಮಡಿಸಿ, "ವಯಸ್ಸು ಕಣೇ, ಸರಿಹೋಗ್ತಾಳೆ," ಎಂದರು. ಗಂಡಸರಿಗೆ ಎಲ್ಲವೂ ತಾನಾಗಿ ಸರಿಹೋಗುತ್ತದೆ.

ಹೀಗೇ ಗಣೇಶನ ಹಬ್ಬ ಬಂತು. ಮೆರವಣಿಗೆ ಸ್ಟೇಷನ್ ರಸ್ತೆಗೆ ಬರುವ ಹೊತ್ತಿಗೆ ಯೋಗರಾಣಿ ತನ್ನ ಡ್ರಮ್ಮನ್ನು ರಸ್ತೆಯ ನಡುವಿಗೆ ಉರುಳಿಸಿಕೊಂಡು ಬಂದು ಅದರ ಮೇಲೆ ಕೂತುಬಿಟ್ಟಳು. ಆ ಮೊಂಡುತನಕ್ಕೆ ಏನೆನ್ನಬೇಕು. ಮುಂದೆ ಮಕ್ಕಳು ಕುಣಿಯುತ್ತಿವೆ, ಹಿಂದೆ ಲಾರಿ ಮೇಲೆ ದೇವರು, ನಡುವೆ ಇವಳು ರಟ್ಟು ಹಿಡಿದು ಕೂತಿದ್ದಾಳೆ. ಕಮಿಟಿಯ ನಾಲ್ಕು ಜನ ಅವಳನ್ನು ಎಳೆದು ಬಿಸಾಡಿದರು. ಹಣೆ ಒಡೆದು ರಕ್ತ ಬಂತು. ಪೊಲೀಸರು ಬಂದು, ಪೆಟ್ಟು ತಿಂದವಳನ್ನೇ ಜೀಪಿಗೆ ಹತ್ತಿಸಿದರು. ಡ್ರಮ್ಮು ಕಮಿಟಿಯವರ ಕೈಗೆ ಹೋಯಿತು. ನಾನು ರಸ್ತೆ ಬದಿಯ ಜನರ ನಡುವೆ ನಿಂತು ನೋಡುತ್ತಿದ್ದೆ. ಪೀಡೆ ತೊಲಗಿತು, ಇನ್ನು ನಮ್ಮ ಲಿಂಗ ದೈವಭಕ್ತರ ಕೈ ಸೇರಿತು, ನಾಳೆ ಹೋಗಿ ಕೇಳಿದರೆ ಕೈಯಲ್ಲಿಡುತ್ತಾರೆ ಎಂದುಕೊಂಡೆ.

ಮರುದಿನ ಊರಿನಿಂದ ಫೋನು ಬಂತು. ಅತ್ತೆಯವರಿಗೆ ಹುಷಾರಿಲ್ಲವೆಂದು ಹೋಗಿ ಒಂದು ವಾರ ಅಲ್ಲೇ ಇರಬೇಕಾಯಿತು. ವಾಪಸು ಬಂದು ಬೀದಿಗೆ ತಿರುಗಿದಾಗ ಗುಡಿಯ ಪಕ್ಕದ ಬೇವಿನ ಮರದ ಕೆಳಗೆ ಒಂದು ಹೊಸ ಕಟ್ಟೆ ಕಾಣಿಸಿತು. ಹಸಿ ಸಿಮೆಂಟು, ಹಳದಿ ಬಟ್ಟೆ, ಬಾಳೆಕಂಬ. ಮೇಲೆ ಬೋರ್ಡು: 'ಮೀಟ್ಟ ಲಿಂಗೇಶ್ವರರ್'. ಬಿಡಿಸಿಕೊಂಡು ಬಂದ ಲಿಂಗೇಶ್ವರ. ಕಟ್ಟೆಯ ನಡುವೆ, ಸಿಮೆಂಟಿನಲ್ಲಿ ಅರ್ಧ ಹೂತು, ತಲೆಯ ಮೇಲೆ ಹಾಲು ಸುರಿಸಿಕೊಂಡು ಕೂತಿತ್ತು ನನ್ನ ಮಗಳ ಇಷ್ಟಲಿಂಗ.

ಕೈಯಲ್ಲಿದ್ದ ಚೀಲವನ್ನು ಅಲ್ಲೇ ನೆಲಕ್ಕಿಟ್ಟುಬಿಟ್ಟೆ.

"ನೋಡಿದ್ರಾ ಮಾಮಿ," ಎಂದರು ದಾಮೋದರನ್, ಮೈಯೆಲ್ಲ ಗಂಧ. "ಆ ನಾಸ್ತಿಕಳ ಡ್ರಮ್ಮಿನಲ್ಲಿ ಈಶ್ವರನೇ ಸಿಕ್ಕಿದ. ನಿನ್ನೆ ಪ್ರತಿಷ್ಠೆ ಆಯ್ತು. ಒಂಬತ್ತು ಕೊಡ ಹಾಲು."

"ಇದು ನನ್ನ ಮಗಳದ್ದು," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ನಮ್ಮಲ್ಲಿ ಇದನ್ನು ಗುಡಿಯಲ್ಲಿ ಇಡುವುದಿಲ್ಲ, ಹತ್ತು ಜನ ಹಾಲು ಸುರಿಯುವುದಿಲ್ಲ, ಇದು ಒಬ್ಬಳ ಮೈಮೇಲೆ ಹುಟ್ಟಿನಿಂದ ಇದ್ದದ್ದು, ಕಿತ್ತು ಕೊಡಿ ಎಂದೆ.

"ಅಯ್ಯೋ, ದೇವರಲ್ಲಿ ನಿಮ್ಮದು ನಮ್ಮದು ಉಂಟಾ?" ಎಂದರು. "ಪ್ರತಿಷ್ಠೆಯಾದದ್ದನ್ನು ಅಲ್ಲಾಡಿಸಿದರೆ ಬೀದಿಗೇ ಕೇಡು. ನಿಮಗೆ ಪುಣ್ಯ ಅಲ್ಲವಾ ಮಾಮಿ, ನಿಮ್ಮ ಕಲ್ಲಿಗೆ ಊರೆಲ್ಲ ಪೂಜೆ."

"ಬೆಳ್ಳಿ ಕರಡಿಗೆ ಇತ್ತಲ್ಲ, ಅದೆಲ್ಲಿ?"

"ಎಂಥ ಬೆಳ್ಳಿ? ಡ್ರಮ್ಮಿನಲ್ಲಿ ಬರೀ ಕಲ್ಲಿತ್ತು."

ಯೋಗರಾಣಿ ಅದನ್ನು ಕಲ್ಲು ಎಂದು ಬರೆದುಕೊಂಡರೂ ಬೆಳ್ಳಿ ಡಬ್ಬಿಯೆಂದೂ ದಾರವೆಂದೂ ಬರೆದಿದ್ದಳು. ಇವರು ಈಶ್ವರ ಎಂದರು. ಬೆಳ್ಳಿ ಯಾವ ಭಕ್ತನ ಜೇಬಿಗೆ ಇಳಿಯಿತೋ ಆ ಈಶ್ವರನೇ ನೋಡಿಕೊಳ್ಳಬೇಕು. ಒಬ್ಬಳು ದೇವರಿಲ್ಲ ಎಂದು ನನ್ನ ದೇವರನ್ನು ಡ್ರಮ್ಮಿಗೆ ಹಾಕಿದಳು. ಇವರು ದೇವರಿದ್ದಾನೆ ಎಂದು ಸಿಮೆಂಟಿಗೆ ಹಾಕಿದರು. ಡ್ರಮ್ಮಿಗೆ ಮುಚ್ಚಳವಾದರೂ ಇತ್ತು.

ಎರಡು ದಿನ ಬಿಟ್ಟು ದಾಮೋದರನ್ ಮನೆಗೇ ಬಂದರು. ಕೈಯಲ್ಲಿ ಬಾಳೆಹಣ್ಣು, ಬರೆದು ತಂದ ಒಂದು ಅರ್ಜಿ. ಅವಳಿಗೆ ಪೆಟ್ಟು ಬಿದ್ದ ವಿಡಿಯೋ ಎಲ್ಲ ಕಡೆ ಹರಿದಾಡಿ, ಕಮಿಟಿಯವರ ಮೇಲೇ ಕೇಸಾಗುವ ಹಾಗಿತ್ತು. ಅವರಿಗೆ ಈಗ ಒಂದು ದೂರು ಬೇಕಿತ್ತು. ಅರ್ಜಿಯಲ್ಲಿ ಹೀಗೆ ಬರೆದಿತ್ತು: ಯೋಗರಾಣಿ ನನ್ನ ಮಗಳನ್ನು ಅಡ್ಡಗಟ್ಟಿ, ಕೊರಳಿನಿಂದ ದೇವರನ್ನು ಬಲವಂತವಾಗಿ ಕಿತ್ತುಕೊಂಡಿದ್ದಾಳೆ, ನಮ್ಮ ಮನಸ್ಸಿಗೆ ನೋವಾಗಿದೆ.

"ಒಂದು ಕೈಯೆಳುತ್ತು ಪೋದುಂ ಮಾಮಿ," ಎಂದರು. ಒಂದು ಸಹಿ ಸಾಕು. "ಆಮೇಲೆ ಅದು ಕೇಸಿನ ಸಾಮಾನಾಗುತ್ತೆ. ನಾವೇ ಕಟ್ಟೆಯಿಂದ ತೆಗೆದು ಕೊಡ್ತೀವಿ. ಶಾಸ್ತ್ರಕ್ಕೆ ಅಡ್ಡಿಯಿಲ್ಲ."

"ಅವಳಿಗೆ ಏನಾಗುತ್ತೆ?"

"ಅಗತಿ ತಾನೆ, ನಿರಾಶ್ರಿತಳು. ಕೇಸು ಬಿದ್ದರೆ ಬೀಗ ಹಾಕೋ ಕ್ಯಾಂಪಿಗೆ ಕಳಿಸ್ತಾರೆ. ಅಲ್ಲಿಂದ ಕೆಲವರನ್ನು ವಾಪಸು ದೋಣಿ ಹತ್ತಿಸ್ತಾರಂತೆ. ನಮಗ್ಯಾಕೆ?"

ಅವರು ಹೋದ ಮೇಲೆ ಅರ್ಜಿ ಮೇಜಿನ ಮೇಲೆ ಉಳಿಯಿತು. ನಮ್ಮವರು ಓದಿ, "ಅವರಿಗೆ ಸಹಿ ಬೇಕು, ನಮಗೆ ಲಿಂಗ ಬೇಕು. ಹಾಕಿ ಮುಗಿಸು," ಎಂದರು.

"ಅವಳು ಕಿತ್ತುಕೊಳ್ಳಲಿಲ್ಲವಲ್ಲ."

"ಅವಳ ಮೇಲೆ ಯಾವಾಗಿನಿಂದ ಕನಿಕರ ಬಂತು ನಿನಗೆ?"

"ಚೂರೂ ಇಲ್ಲ. ಅವಳು ದೋಣಿ ಹತ್ತಲಿ, ರೈಲು ಹತ್ತಲಿ. ಆದರೆ ಅವಳು ಮಾಡಿದ್ದಕ್ಕೆ ಹತ್ತಲಿ. ಮಾಡದೇ ಇದ್ದದ್ದನ್ನ ನನ್ನ ಕೈಯಲ್ಲಿ ಯಾಕೆ ಬರೆಸ್ತಾರೆ?"

ಇದರಲ್ಲಿ ದೊಡ್ಡತನವೇನೂ ಇಲ್ಲ. ಬೆಳಿಗ್ಗೆ ಲಿಂಗ ಹಿಡಿದ ಕೈಯಲ್ಲೇ ಮಧ್ಯಾಹ್ನ ಸುಳ್ಳಿಗೆ ಸಹಿ ಹಾಕಿದರೆ, ಮರುದಿನ ಬೆಳಿಗ್ಗೆ ಕೈ ನಡುಗುತ್ತದೆ. ನನಗೆ ಆ ನಡುಕದ ಭಯ. ಆದರೆ ಸಹಿ ಹಾಕದಿದ್ದರೆ ಮಗಳ ಲಿಂಗ ಆ ಕಟ್ಟೆಯಲ್ಲೇ ಉಳಿಯುತ್ತದೆ, ಕಾಗೆ ಕೂರುತ್ತದೆ, ಕಂಡಕಂಡವರು ಎಣ್ಣೆ ಸುರಿಯುತ್ತಾರೆ. ಎರಡನ್ನೂ ನೆನೆದು ಅಡುಗೆಮನೆಯಲ್ಲಿ ಕೂತಿದ್ದೆ. ಚಂದನಾ ಬಾಗಿಲಲ್ಲಿ ನಿಂತಿದ್ದಳು. ಅರ್ಜಿಯನ್ನು ಓದಿದ್ದಳು.

"ಯೋಗಕ್ಕ ಕೇಳಲೇ ಇಲ್ಲ ಮಾ. ನಾನೇ ಹೋಗಿ ಕೊಟ್ಟೆ. ಇದು ನಿಂದಾ ಅಂತ ಎರಡು ಸಲ ಕೇಳಿ ತಗೊಂಡರು." ಪರ್ಸಿನಿಂದ ಆ ಚೀಟಿ ತೆಗೆದಳು. "ಇದು ನಂದು ಅಂತ ಹೇಳೋಕೆ ಇದೊಂದೇ ಪ್ರೂಫ್. ಪೊಲೀಸ್ ಒಪ್ತಾರಾ?"

ಆ ಚೀಟಿಯನ್ನು ಒಲೆಗೆ ಹಾಕಬೇಕೆಂದು ನಾನು ಎಷ್ಟು ಸಲ ಅಂದುಕೊಂಡಿದ್ದೆನೋ. ಪುಣ್ಯಕ್ಕೆ ಹಾಕಿರಲಿಲ್ಲ.

ಮರುದಿನ ಇಬ್ಬರೂ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಒಳಗಿನ ಬೆಂಚಿನ ಮೇಲೆ ಹಣೆಗೆ ಪಟ್ಟಿ ಕಟ್ಟಿಕೊಂಡು ಯೋಗರಾಣಿಯೂ ಕೂತಿದ್ದಳು. ಅವಳನ್ನು ಜಾಮೀನಿನ ಮೇಲೆ ಬಿಟ್ಟಿದ್ದರೂ ಕೇಸು ತೀರ್ಮಾನವಾಗುವ ತನಕ ದಿನಾ ಬಂದು ಸಹಿ ಹಾಕಬೇಕಿತ್ತು. ನಾನು ಇನ್‌ಸ್ಪೆಕ್ಟರಿಗೆ ನನ್ನ ಅರೆಬರೆ ತಮಿಳಿನಲ್ಲಿ ಹೇಳಿದೆ, ಚಂದನಾ ನೆಟ್ಟಗಿನ ತಮಿಳಿನಲ್ಲಿ ಬರೆದಳು: ವಸ್ತುವನ್ನು ನಾನೇ ಸ್ವಂತ ಇಷ್ಟದಿಂದ ಕೊಟ್ಟೆ, ಇಗೋ ಚೀಟಿ. ನನ್ನನ್ನು ಕೇಳದೆ ತೆಗೆದುಕೊಂಡವರು ಗುಡಿ ಕಮಿಟಿಯವರು. ಬೆಳ್ಳಿ ಡಬ್ಬಿಯೂ ಹೋಗಿದೆ. ನನ್ನದನ್ನು ನನಗೆ ಕೊಡಿಸಿ.

ಇನ್‌ಸ್ಪೆಕ್ಟರು ಎರಡು ಸಲ ಓದಿ ಕನ್ನಡಕ ತೆಗೆದರು.

"ಏಮ್ಮಾ, ದೇವರನ್ನು ಕದ್ದ ಕೇಸು ನೋಡಿದ್ದೀನಿ. ಕದ್ದು ಪ್ರತಿಷ್ಠೆ ಮಾಡಿದ್ದು ಇದೇ ಮೊದಲು."

ಹೊರಗೆ ಬರುವಾಗ ಯೋಗರಾಣಿ ಎದ್ದು ಬಂದಳು. ಕೃತಜ್ಞತೆ ಎಂಬುದು ಆ ಮುಖಕ್ಕೆ ಒಗ್ಗುವ ವಸ್ತುವಲ್ಲ.

"ನನಗೋಸ್ಕರ ಯಾಕೆ ಬಂದಿರಿ ಮಾಮಿ? ನಾನು ಕೇಳಿರಲಿಲ್ಲ."

"ನಿನಗೋಸ್ಕರ ಯಾರು ಬಂದರು? ಮೈಮೇಲೆ ಲಿಂಗ ಇದೆ, ಸುಳ್ಳು ಬರೆಯೋಕಾಗಲ್ಲ, ಅಷ್ಟೆ."

"ಆ ಕಲ್ಲಿಗೆ ಹೆದರಿ?"

"ಹೂಂ, ಹೆದರಿ. ಹೆದರಿಕೆ ಇಲ್ಲದ ಭಕ್ತರು ಅಲ್ಲಿ ಸಿಮೆಂಟು ಕಲಸಿದ್ದಾರೆ, ಹೋಗಿ ನೋಡು. ನನ್ನ ಸಹಿ ಅವರ ಕೈಗೆ ಸಿಕ್ಕಿದ್ದರೆ ನೀನು ಇಷ್ಟು ಹೊತ್ತಿಗೆ ದೋಣಿಯಲ್ಲಿರ್ತಿದ್ದೆ."

ಅವಳು ಹಣೆಯ ಪಟ್ಟಿ ಸರಿಮಾಡಿಕೊಂಡು ಸಹಿ ಹಾಕಲು ಒಳಗೆ ಹೋದಳು.

ಇನ್‌ಸ್ಪೆಕ್ಟರ ಆದೇಶ ಬಂದು ಕಟ್ಟೆ ಒಡೆಯುವ ಹೊತ್ತಿಗೆ ಐಪ್ಪಸಿ ತಿಂಗಳ ಮಳೆ ಶುರುವಾಗಿತ್ತು. ಬೀದಿಯಲ್ಲಿ ಮೊಳಕಾಲುದ್ದ ನೀರು ನಿಂತು, ಮೋರಿಯ ಚರ್ಮದ ವಾಸನೆ ಗುಡಿಯ ಗಂಟೆಯ ತನಕ ಏರಿತ್ತು. ಒಬ್ಬ ಕಾನ್‌ಸ್ಟೇಬಲ್ಲು, ಕೊಡೆ ಹಿಡಿದ ದಾಮೋದರನ್, ಉಳಿ ಹಿಡಿದ ಗಾರೆ ಕೆಲಸದವನು. ಅವನೇ ಒಂದು ತಿಂಗಳ ಹಿಂದೆ ಕೂರಿಸಿದ್ದನಂತೆ. ಎರಡಕ್ಕೂ ಕೂಲಿ ಬಂತೆಂದು ಅವನೊಬ್ಬನ ಮುಖ ಮಾತ್ರ ಕಳೆಯಾಗಿತ್ತು. ಒಂದೊಂದು ಏಟಿಗೂ ನಾನು 'ಮೆಲ್ಲಗೆ, ಮೆಲ್ಲಗೆ' ಎನ್ನುತ್ತಿದ್ದೆ. ಕೊನೆಗೆ ಅಡಿಯಲ್ಲಿ ಒಂದು ಹಿಡಿ ಸಿಮೆಂಟನ್ನು ಅಂಟಿಸಿಕೊಂಡೇ ಲಿಂಗ ಬಿಟ್ಟುಕೊಂಡಿತು.

ದಾಮೋದರನ್ ಹಿತ್ತಾಳೆ ತಟ್ಟೆ ಮುಂದೆ ಹಿಡಿದರು. "ಗೌರವವಾಗಿ ಕೊಡೋಣ. ಮಾಮಿ, ಬನ್ನಿ."

"ಚೀಟಿ ಯಾರದೋ ಅವರಿಗೆ," ಎಂದು ಹಿಂದಿನಿಂದ ದನಿ ಬಂತು. ಯೋಗರಾಣಿ. ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು, ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನೀರಿನಲ್ಲಿ ನಿಂತಿದ್ದಳು. ಇವಳನ್ನು ಕರೆದವರು ಯಾರು? ಯಾರೂ ಇಲ್ಲ. ಯಾರೂ ಕರೆಯದ ಕಡೆಗೆ ಹೋಗುವುದೇ ಅವಳ ಜೀವನ.

ಚಂದನಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗಾರೆಯವನ ಕೈಯಿಂದ ನೇರ ತನ್ನ ಕೈಗೆ ತೆಗೆದುಕೊಂಡಳು. ದುಪಟ್ಟಾದ ಸೆರಗಿನಲ್ಲಿ ಸುತ್ತಿದಳು.

"ಇಲ್ಲಿ ಸಹಿ," ಎಂದಳು ಯೋಗರಾಣಿ, ಪುಟ ತೆರೆದು. "ಎರಡು ಕಾಲಂ ಇದೆ. 'ಇಲ್ಲದೆ ಇರಬಹುದು', 'ಇಲ್ಲದೆ ಇರಲಾರೆ'. ಯಾವುದು?"

"ಯೋಗಕ್ಕಾ, 'ಕದ್ದುಕೊಂಡು ಹೋದರು' ಅನ್ನೋದಕ್ಕೆ ಕಾಲಂ ಇಲ್ಲವಾ?"

ಕಾನ್‌ಸ್ಟೇಬಲ್ಲು ಮುಖ ತಿರುಗಿಸಿ ನಕ್ಕ. ದಾಮೋದರನ್ ಕೊಡೆ ಬಗ್ಗಿಸಿಕೊಂಡರು. ಯೋಗರಾಣಿ ಪುಟದ ಅಂಚಿನಲ್ಲಿ ಪೆನ್ನಿನಿಂದ ಮೂರನೆಯ ಗೆರೆ ಎಳೆದಳು. ಚಂದನಾ ಅಲ್ಲಿ ಸಹಿ ಹಾಕಿದಳು. ಚೀಟಿ ವಾಪಸು ಪಡೆದು ಯೋಗರಾಣಿ ನೀರು ತುಳಿಯುತ್ತಾ ಹೊರಟುಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ನಾನೂ ಕರೆಯಲಿಲ್ಲ. ಕೆಲವು ತಿಂಗಳಿಗೆ ಬೇರೆ ಯಾವುದೋ ಊರಿಗೆ ಹೋದಳೆಂದು ಕೇಳಿದೆ. ಅಲ್ಲಿಯೂ ಯಾರ ನಿದ್ದೆಯನ್ನೋ ಕೆಡಿಸುತ್ತಿರಬೇಕು. ನಾನು ವಿಚಾರಿಸಿಲ್ಲ.

ಅಂದು ಮನೆಗೆ ಬಂದ ಮಗಳು ಒದ್ದೆ ಬಟ್ಟೆ ಕೂಡ ಬದಲಾಯಿಸದೆ ಬಚ್ಚಲಿನ ಹತ್ತಿರ ಕೂತಳು. ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಚೊಂಬು ನೀರು. ಕಂತಿ ಕಿತ್ತುಬರದ ಹಾಗೆ ಸಿಮೆಂಟನ್ನು ಮಾತ್ರ ಉಜ್ಜಿ, ಉಗುರಿನಿಂದ ಎಬ್ಬಿಸಿ, ಮತ್ತೆ ತೊಳೆದಳು. ಒಂದು ಗಂಟೆ, ಎರಡು ಗಂಟೆ. ನಾನು ಅನ್ನ ಇಳಿಸಿ, ಸಾರಿಗೆ ಒಗ್ಗರಣೆ ಹಾಕಿ, ಏನೂ ನೋಡದವಳಂತೆ ಓಡಾಡಿದೆ. ಕಡೆಗೆ ಅವಳು ಅದನ್ನು ಒರೆಸಿ, ತೊಳೆದ ಕರ್ಚೀಫಿನಲ್ಲಿ ಸುತ್ತಿ, ಕಾಲೇಜಿನ ಜಾಮಿಟ್ರಿ ಬಾಕ್ಸು ಖಾಲಿ ಮಾಡಿ ಒಳಗಿಟ್ಟಳು. ಅಡಿಯಲ್ಲಿ ಸಾಸಿವೆಯಷ್ಟು ಸಿಮೆಂಟು ಉಳಿದೇ ಇತ್ತು.

"ಕಟ್ಟಿಕೊಳ್ಳೋದಿಲ್ಲವಾ?" ಎಂದೆ.

"ಗೊತ್ತಿಲ್ಲಮ್ಮ. ನಂಗೇ ಗೊತ್ತಿಲ್ಲ." ಬಾಕ್ಸಿನ ಮುಚ್ಚಳ ಒತ್ತಿ, ಸರಿಯಾಗಿ ಕೂತಿತೇ ಎಂದು ಬೆರಳಿನಿಂದ ನೋಡಿದಳು. "ಯಾರಿಗೂ ಕೊಡಲ್ಲ. ಅಷ್ಟ್ ಗೊತ್ತು."

ಅಷ್ಟು ಸಾಕೆಂದು ನಾನು ತಟ್ಟೆ ಹಾಕಿದೆ.